ನೀರಿನ ಟ್ಯಾಂಕಿನ ಅಂಗಳಕ್ಕೆ ಐದು ನಕ್ಷತ್ರ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಗರಸಭೆಯ ಇಂಜಿನಿಯರ್ ಮೇಡಂ ಅವರೇ, ನಮ್ಮ ವಿದ್ಯುತ್ ವಾಹನ ಬಳಕೆದಾರರ ಸಂಘದ ಪದಾಧಿಕಾರಿಗಳೇ, ಎದುರಿಗೆ ಕೂತಿರುವ ಗೆಳೆಯರೇ, ಮತ್ತು ಗಾಡಿಯನ್ನು ಹೊರಗೆ ಚಾರ್ಜಿಗೆ ಹಾಕಿ, ಅದು ತುಂಬುವವರೆಗೆ ಎಲ್ಲಾದರೂ ಫ್ಯಾನಿನ ಕೆಳಗೆ ಕೂತಿರೋಣ ಎಂದು ಒಳಗೆ ಬಂದಿರುವ ಸಭಿಕರೇ,

ಸನ್ಮಾನಕ್ಕೆ ಉತ್ತರವಾಗಿ ಎರಡು ಮಾತು ಆಡಬೇಕೆಂದು ಹೇಳಿದ್ದಾರೆ. ಎರಡೇ ಮಾತು ಬರೆದುಕೊಂಡೂ ಬಂದಿದ್ದೆ. ಆದರೆ ಅಧ್ಯಕ್ಷರು ನನ್ನ ಪರಿಚಯ ಮಾಡಿಕೊಡುವಾಗ 'ನಿಸ್ವಾರ್ಥ ಸೇವೆ' ಎಂಬ ಮಾತನ್ನು ಮತ್ತೆ ಮತ್ತೆ ಹೇಳಿದರು. ಒಂದು ಸಲ ಹೇಳಿದ್ದರೆ ನಾನು ತಲೆ ತಗ್ಗಿಸಿ ಸುಮ್ಮನಿದ್ದುಬಿಡುತ್ತಿದ್ದೆ. ಅಷ್ಟು ಸಲ ಹೇಳಿದ ಮೇಲೆ ತಡೆದುಕೊಳ್ಳಲಾಗುತ್ತಿಲ್ಲ. ಮೊದಲ ಸಾಲಿನಲ್ಲಿ ಕೂತಿರುವ ನನ್ನ ಹೆಂಡತಿಗೂ ಹಾಗೇ ಆಗಿರಬೇಕು, ಆ ಮಾತು ಬಂದಾಗಲೆಲ್ಲ ಆಕೆ ಕೆಮ್ಮುತ್ತಿದ್ದಳು.

ನಾನು ಲಿಫ್ಟ್ ತಪಾಸಣೆಯ ಕೆಲಸದಲ್ಲಿದ್ದವನು. ಈ ಊರಿನ ಎತ್ತರದ ಕಟ್ಟಡಗಳಲ್ಲಿ ನೀವು ಸುರಕ್ಷಿತವಾಗಿ ಹತ್ತಿ ಇಳಿದಿದ್ದರೆ ಅದರಲ್ಲಿ ನನ್ನ ಪಾಲೂ ಸ್ವಲ್ಪ ಇದೆ. ಸಿಕ್ಕಿಹಾಕಿಕೊಂಡಿದ್ದರೆ ಆ ದಿನ ನಾನು ರಜೆಯಲ್ಲಿದ್ದೆ ಎಂದು ತಿಳಿಯಿರಿ. ಲಿಫ್ಟಿನ ವಿಷಯದಲ್ಲಿ ಜನ ಕೊಡುವ ದೂರು ಒಂದೇ: ಕಾಯಬೇಕು, ಕಾಯಬೇಕು, ಕಾಯಬೇಕು. ಎರಡು ನಿಮಿಷ ಕಾದರೆ ಮನುಷ್ಯ ಗುಂಡಿಯನ್ನು ಒತ್ತಿದ್ದೇ ಒತ್ತಿದ್ದು. ಹಾಗಾಗಿ ನನ್ನ ಇಡೀ ಉದ್ಯೋಗ ಕಾಯುವ ಹೊತ್ತನ್ನು ಕಡಿಮೆ ಮಾಡುವುದರಲ್ಲೇ ಕಳೆದುಹೋಯಿತು. ಅಂಥವನು ಇವತ್ತು ಕಾಯುವುದರ ಪರವಾಗಿ ಮಾತಾಡಲು ನಿಂತಿದ್ದೇನೆ. ಇದಕ್ಕೆ ಏನೆನ್ನಬೇಕು?

ಈಗ ಈ ಸನ್ಮಾನಕ್ಕೆ ಕಾರಣವಾದ ಕೈಪಿಡಿಯ ವಿಷಯಕ್ಕೆ ಬರುತ್ತೇನೆ. ನಮ್ಮೂರಿನಲ್ಲಿ ಸಾರ್ವಜನಿಕರು ಗಾಡಿ ಚಾರ್ಜ್ ಮಾಡಿಕೊಳ್ಳಬಹುದಾದ ಜಾಗಗಳು ಒಟ್ಟು ಒಂಬತ್ತು. ಒಂಬತ್ತಕ್ಕೂ ಹೋಗಿ, ಕೂತು, ನೋಡಿ, ನಕ್ಷತ್ರ ಕೊಟ್ಟು ಈ ಪುಟ್ಟ ಪುಸ್ತಕ ಮಾಡಿದ್ದೇನೆ. ಕಾರ್ಯಕಾರಿ ಸಮಿತಿಯಲ್ಲಿ ಇದರ ಕರಡು ಓದಿದ ದಿನ ನಮ್ಮ ಖಜಾಂಚಿಯವರು, ಅವರ ಬಿಡಿಭಾಗಗಳ ಅಂಗಡಿ ನಿಮಗೆಲ್ಲ ಗೊತ್ತು, ಕನ್ನಡಕ ತೆಗೆದು ಕೇಳಿದರು.

"ಅಲ್ಲ ಸಾರ್, ರೈಲ್ವೆ ನಿಲ್ದಾಣದ್ದು ಊರಲ್ಲೇ ಫಾಸ್ಟ್ ಮೆಷಿನ್ನು. ಅದಕ್ಕೆ ಎರಡು ನಕ್ಷತ್ರ. ನೀರಿನ ಟ್ಯಾಂಕಿನ ಅಂಗಳದ್ದು ಎರಡು ಗಂಟೆ ಕೂತರೂ ಅರ್ಧ ತುಂಬಲ್ಲ. ಅದಕ್ಕೆ ಐದು. ಇದು ಯಾವ ಲೆಕ್ಕ?"

ನ್ಯಾಯವಾದ ಪ್ರಶ್ನೆ. ನಿಧಾನವಾಗಿ ತುಂಬಿಸಿದರೆ ಬ್ಯಾಟರಿಯ ಆಯಸ್ಸಿಗೆ ಒಳ್ಳೆಯದು ಎಂದು ಉತ್ತರ ಕೊಟ್ಟೆ. ಅದು ಸುಳ್ಳಲ್ಲ. ಸಮಿತಿಯವರು ತಲೆದೂಗಿದರು, ಪುಸ್ತಕ ಅಚ್ಚಿಗೆ ಹೋಯಿತು. ಆದರೆ ಖಜಾಂಚಿಯವರು ತಲೆದೂಗಲಿಲ್ಲ, ಅವರು ಈಗಲೂ ಆ ಮೂಲೆಯಿಂದ ನನ್ನನ್ನೇ ನೋಡುತ್ತಿದ್ದಾರೆ. ಸಾರ್, ನಿಮಗೆ ಇವತ್ತು ಸರಿಯಾದ ಉತ್ತರ ಕೊಡುತ್ತೇನೆ.

ಉತ್ತರ ಕೊಡಬೇಕಾದರೆ ಮನೆಯ ವಿಷಯ ಹೇಳಬೇಕಾಗುತ್ತದೆ, ಕ್ಷಮಿಸಬೇಕು. ನಮ್ಮದು ಎರಡನೇ ಮಹಡಿಯಲ್ಲಿ ಮೂರು ಕೋಣೆಯ ಮನೆ. ನಾವಿಬ್ಬರು, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಸೊಸೆ ಆಸ್ಪತ್ರೆಯಲ್ಲಿ ನರ್ಸ್. ಆಕೆಗೆ ರಾತ್ರಿ ಪಾಳಿ ಇದ್ದಾಗ ಹಗಲೆಲ್ಲ ನಿದ್ದೆ. ಹಾಗಾಗಿ ಹಗಲು ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಪಾತ್ರೆ ಇಡುವಾಗ ಕೆಳಗೆ ಬಟ್ಟೆ ಹಾಸುತ್ತೇವೆ. ಬಾಗಿಲ ಗಂಟೆಯ ತಂತಿ ಕಿತ್ತುಹಾಕಿದ್ದೇವೆ. ರಾತ್ರಿಯಾದರೆ ಮೊಮ್ಮಕ್ಕಳು ನಮ್ಮ ಕೋಣೆಯಲ್ಲಿ, ನಮ್ಮಿಬ್ಬರ ನಡುವೆ ಮಲಗುತ್ತಾರೆ. ದೊಡ್ಡವಳ ಕಿವಿ ಬಹಳ ಚುರುಕು. ನಾವು ಪಿಸುಗುಟ್ಟಿದ್ದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಶಾಲೆಯ ವ್ಯಾನಿನವರೆಗೂ ಹೋಗಿರುತ್ತದೆ.

ಇದನ್ನು ದೂರು ಎಂದು ತಿಳಿಯಬೇಡಿ. ಸೊಸೆ ಬಂಗಾರದಂಥವಳು, ಮಗನಂತೂ ನಾವು ಬಾಯಿ ತೆರೆಯುವ ಮೊದಲೇ ಬೇಕಾದ್ದನ್ನು ತಂದಿಡುವವನು. ನಾನು ಹೇಳುತ್ತಿರುವುದು ಇಷ್ಟೇ. ಒಂದೇ ಮನೆಯಲ್ಲಿ ಇದ್ದುಕೊಂಡು ನಾನು ಮತ್ತು ನನ್ನ ಹೆಂಡತಿ ಅನೇಕ ವರ್ಷ ಬರೀ ಸನ್ನೆಯಲ್ಲಿ ಸಂಸಾರ ಮಾಡಿದೆವು. ಹಾಲು ತರಬೇಕಾ, ಕೈ ಹೀಗೆ. ಮಾತ್ರೆ ನುಂಗಿದಿರಾ, ಕತ್ತು ಹೀಗೆ. ಹೀಗೇ ಸಾಗುತ್ತಿತ್ತು, ಏನೋ ಕೊರತೆಯಿದೆ ಎಂದು ನನಗೆ ಅನ್ನಿಸಿಯೂ ಇರಲಿಲ್ಲ.

ಒಂದು ಮಧ್ಯಾಹ್ನ ನೆಂಟರ ಮನೆಯಿಂದ ವಾಪಸು ಬರುವಾಗ ಗಾಡಿಯ ಚಾರ್ಜು ತಳ ಕಂಡಿತು. ಹತ್ತಿರದಲ್ಲಿದ್ದದ್ದು ನೀರಿನ ಟ್ಯಾಂಕಿನ ಅಂಗಳ. ದೊಡ್ಡ ಟ್ಯಾಂಕು, ಅದರ ಕೆಳಗೆ ತಂಪಾದ ನೆರಳು, ಗೋಡೆಗೆ ಒಂದು ಹಳೆಯ ಚಾರ್ಜಿಂಗ್ ಪೆಟ್ಟಿಗೆ, ಗೇಟಿನ ಬಳಿ ಒಬ್ಬ ಕಾವಲುಗಾರ. ಕೇಬಲ್ ಸಿಕ್ಕಿಸಿ ಬಂದು ಕೂತೆ. ಇಳಿದು ಹೋಗೋಣವೆಂದರೆ ಸುತ್ತ ಒಂದು ಅಂಗಡಿಯೂ ಇಲ್ಲ. ಗಾಜು ಏರಿಸಿದ್ದೆವು. ನನ್ನ ಹೆಂಡತಿ ಮಾತಾಡಲು ಶುರುಮಾಡಿದಳು.

ಸಭಿಕರೇ, ಆಕೆ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದವಳು. ಸಾಕ್ಷಿ ಹೇಳಿದ್ದು, ವಕೀಲರು ಹೇಳಿದ್ದು, ನ್ಯಾಯಾಧೀಶರು ಹೇಳಿದ್ದು, ಎಲ್ಲವನ್ನೂ ಒಂದಕ್ಷರ ಬಿಡದೆ ಬರೆದುಕೊಳ್ಳುವ ಕೆಲಸ. ತಾನು ಮಾತ್ರ ತುಟಿ ಬಿಚ್ಚುವಂತಿಲ್ಲ. ಆ ಮಧ್ಯಾಹ್ನ ಆಕೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಜನ ಉತ್ತರ ಕೊಡುವ ಮೊದಲು ಸುಮ್ಮನಾಗುತ್ತಾರಲ್ಲ, ಅದಕ್ಕೆ ಶೀಘ್ರಲಿಪಿಯಲ್ಲಿ ಗುರುತೇ ಇಲ್ಲವಂತೆ. ಆಕೆಯೇ ತನಗಾಗಿ ಒಂದಷ್ಟು ಗುರುತು ಮಾಡಿಕೊಂಡಿದ್ದಳಂತೆ. ಹೆದರಿ ಸುಮ್ಮನಾದವನಿಗೆ ಒಂದು, ಸುಳ್ಳು ಹುಡುಕುತ್ತಾ ಸುಮ್ಮನಾದವನಿಗೆ ಇನ್ನೊಂದು, ಅಳು ನುಂಗಿಕೊಂಡವರಿಗೆ ಮತ್ತೊಂದು. ಅಚ್ಚುಕಟ್ಟು ಪ್ರತಿಯಲ್ಲಿ ಅವನ್ನೆಲ್ಲ ಬಿಟ್ಟುಬಿಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೂ ಒಂದು ಇಟ್ಟಿದ್ದೆ ಕಣ್ರೀ," ಅಂದಳು. ಯಾವುದು ಎಂದು ಕೇಳಿದೆ. "ನಿಮ್ಮದು ಸುಮ್ಮನೆ ಸುಮ್ಮನಿರೋದು. ಅದಕ್ಕೆ ಒಂದು ಸೊನ್ನೆ."

ನಾನು ಬಹಳ ನಕ್ಕೆ. ನಗುತ್ತಲೇ ನನಗೆ ಒಂದು ಬಗೆಯ ಗಾಬರಿಯಾಯಿತು. ಯಾರಿವಳು? ಇಷ್ಟು ವರ್ಷ ಜೊತೆಗಿದ್ದೂ ನನಗೆ ಗೊತ್ತಿಲ್ಲದ ಈ ಹೆಂಗಸು ಯಾರು? ಇನ್ನೂ ಏನೇನಿದೆ ಈಕೆಯ ಹತ್ತಿರ? ನನಗೆ ಹುಟ್ಟಿನಿಂದಲೂ ಕುತೂಹಲ ಜಾಸ್ತಿ. ಲಿಫ್ಟು ಎಲ್ಲಾದರೂ ಕಿರ್ ಎಂದರೆ ಅದು ಯಾವ ಗಾಲಿಯದು ಎಂದು ತಿಳಿಯುವವರೆಗೆ ನನಗೆ ಅನ್ನ ಸೇರುತ್ತಿರಲಿಲ್ಲ. ಅಂಥವನು ಈ ಒಂದು ವಿಷಯದಲ್ಲಿ ಮಾತ್ರ ಏನೂ ಕೇಳದೆ ಕೂತಿದ್ದೆನಲ್ಲ. ಕಾವಲುಗಾರ ಬಂದು ಗಾಜು ತಟ್ಟಿ, ಗೇಟು ಹಾಕುವ ಹೊತ್ತಾಯಿತು ಎಂದಾಗಲೇ ನಮಗೆ ಎಚ್ಚರ. ಆಮೇಲೆ ವಾರಕ್ಕೆ ಎರಡು ಸಲ ಗಾಡಿಗೆ ಚಾರ್ಜು ಬೇಕೇ ಬೇಕಾಗುತ್ತಿತ್ತು. ತರಕಾರಿ ತರುವುದಕ್ಕೂ ಊರನ್ನು ಒಂದು ಸುತ್ತು ಹಾಕಿ ಹೋಗುತ್ತಿದ್ದೆವು, ಬ್ಯಾಟರಿ ಇಳಿಯಬೇಕಲ್ಲ.

ಇಲ್ಲಿ ನನ್ನ ಮಗನ ಪ್ರವೇಶ. ಅವನು ಎಲೆಕ್ಟ್ರಿಕ್ ಕೆಲಸದ ಕಂಟ್ರಾಕ್ಟರ್. ಈ ಸಭಾಂಗಣದ ದೀಪ, ಫ್ಯಾನು, ಇವತ್ತಿನ ಮೈಕು ಎಲ್ಲ ಅವನದೇ. ಅಗೋ, ಗೋಡೆಯ ಪಕ್ಕ ಧ್ವನಿ ಪೆಟ್ಟಿಗೆಯ ಹಿಂದೆ ನಿಂತಿದ್ದಾನೆ. ಅಪ್ಪ ಅಮ್ಮ ಈ ವಯಸ್ಸಿನಲ್ಲಿ ಚಾರ್ಜಿಗಾಗಿ ಬಿಸಿಲಲ್ಲಿ ಅಲೆಯುತ್ತಾರಲ್ಲ ಎಂದು ಅವನ ಕರುಳು ಚುರ್ರೆಂದಿದೆ. ಒಂದು ಭಾನುವಾರ ಯಾರಿಗೂ ಹೇಳದೆ, ಕೆಲಸದವರನ್ನೂ ಕರೆಯದೆ, ಅವನೇ ಕೈಯಾರೆ ತಂತಿ ಎಳೆದು ಕೆಳಗೆ ನಮ್ಮ ಗಾಡಿ ನಿಲ್ಲುವ ಜಾಗದಲ್ಲಿ ಚಾರ್ಜರ್ ಕೂರಿಸಿದ. ನಮ್ಮನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದ. "ಅಪ್ಪಾ, ಇನ್ಮೇಲೆ ನೀವಿಬ್ಬರೂ ಎಲ್ಲೂ ಹೋಗೋ ಹಾಗಿಲ್ಲ," ಅಂದ. ಅವನ ಮುಖದಲ್ಲಿ ಎಷ್ಟು ಸಂತೋಷ ಇತ್ತೆಂದು ನಾನು ಹೇಳಲಾರೆ. ನಾನು ಬೆನ್ನು ತಟ್ಟಿದೆ. ನನ್ನ ಹೆಂಡತಿ ಚಾರ್ಜರನ್ನು ಸೆರಗಿನಿಂದ ಒರೆಸಿದಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಏನು ಮಾಡುವುದು ಹೇಳಿ? ಮನೆಯ ಚಾರ್ಜರಿನಲ್ಲಿ ಓಲ್ಟೇಜು ಸರಿಯಿಲ್ಲ ಅಂದೆ. ಅವನು ಮೀಟರ್ ತಂದು ನೋಡಿದ, ಸರಿಯಾಗಿಯೇ ಇತ್ತು. ಆದರೂ ತಂತಿ ಬದಲಾಯಿಸಿದ. ಮತ್ತೆ ಅದೇ ಅಂದೆ. ಮತ್ತೆ ಬಿಚ್ಚಿದ, ಮತ್ತೆ ಹಾಕಿದ. ಊರಿಗೆಲ್ಲ ಬೆಳಕು ಕೊಡುವವನು ಸ್ವಂತ ಅಪ್ಪನ ಗಾಡಿಯ ಮುಂದೆ ಮಂಡಿಯೂರಿ, "ನಂದೇ ಏನೋ ತಪ್ಪಾಗಿದೆ," ಎಂದು ಗೊಣಗುವುದನ್ನು ಕಿಟಕಿಯಿಂದ ನೋಡಿ ನನ್ನ ಹೆಂಡತಿ ಅತ್ತಳು. ಆಗ ನನಗೆ ಹೊಳೆದದ್ದೇ ಈ ಕೈಪಿಡಿ. ಅದೇ ವಾರ ನಮ್ಮ ಸಂಘದ ಕಚೇರಿಗೆ ಹೋಗಿ, ಊರಿನ ಎಲ್ಲ ಚಾರ್ಜಿಂಗ್ ಜಾಗಗಳನ್ನೂ ಖುದ್ದಾಗಿ ಪರೀಕ್ಷಿಸಿ ಬರೆದುಕೊಡುತ್ತೇನೆ ಎಂದೆ. ಅಧ್ಯಕ್ಷರು ಎದ್ದು ನಿಂತು ಕೈ ಕುಲುಕಿದರು. ಅಧ್ಯಕ್ಷರೇ, ನಿಸ್ವಾರ್ಥ ಸೇವೆ ಶುರುವಾದದ್ದು ಹೀಗೆ.

ಹೀಗೆ ನಾವಿಬ್ಬರೂ ಅಧಿಕೃತವಾಗಿ ಊರು ಸುತ್ತಲು ಹೊರಟೆವು. ನೀವು ಕೈಪಿಡಿ ತೆರೆದು ನೋಡಿದರೆ, ಯಂತ್ರದ ಶಕ್ತಿ ಎಷ್ಟು, ಕೇಬಲ್ ಯಾವ ಬಗೆ, ಎಲ್ಲ ಇದೆ. ಆದರೆ ನಕ್ಷತ್ರ ಕೊಟ್ಟದ್ದು ಅದಕ್ಕಲ್ಲ. ನಗರಸಭೆಯ ಎದುರಿನದನ್ನೇ ತೆಗೆದುಕೊಳ್ಳಿ. ಮೇಡಂ ಬೇಸರ ಮಾಡಿಕೊಳ್ಳಬಾರದು, ಯಂತ್ರ ಚೆನ್ನಾಗಿದೆ, ಕೇಬಲ್ ಗಿಡ್ಡ. ಗಾಡಿಯನ್ನು ಹಿಂದು ಮುಂದಾಗಿ ನಿಲ್ಲಿಸಬೇಕು. ಆಗ ನಮ್ಮ ಮುಖ ಪಿಂಚಣಿ ವಿಭಾಗದ ಕಿಟಕಿಗೆ ಬರುತ್ತದೆ. ಒಳಗಿನ ಗುಮಾಸ್ತರೆಲ್ಲ ನಮ್ಮನ್ನೇ ನೋಡುತ್ತಿದ್ದರೆ ಏನು ಮಾತಾಡುವುದು? ಆಸ್ಪತ್ರೆಯ ಆವರಣದಲ್ಲಿ ಜಾಗ ಬೇಕಾದಷ್ಟಿದೆ, ಆದರೆ ಯಾರ ಮುಖ ನೋಡಿದರೂ ನಮ್ಮ ಮಾತು ಸಣ್ಣದೆನಿಸುತ್ತದೆ. ಗ್ರಂಥಾಲಯದಲ್ಲಿ ಗ್ರಂಥಪಾಲಕಿ ಹೊರಗೆ ಬಂದು, ಸ್ವಲ್ಪ ಮೆತ್ತಗೆ ಮಾತಾಡಿ ಎಂದು ಕೇಳಿಕೊಂಡರು. ಕಾರಿನೊಳಗೆ ಕೂತವರಿಗೆ! ನನ್ನ ಹೆಂಡತಿಯ ಧ್ವನಿ ಅಷ್ಟು ಏರಿದ್ದು ಕಂಡು ನನಗೆ ಒಳಗೊಳಗೇ ಖುಷಿಯಾಯಿತು. ಪೀಠೋಪಕರಣದ ಮಳಿಗೆಯಲ್ಲಿ ಸೇಲ್ಸ್‌ಮನ್ ಬಿಡುವುದೇ ಇಲ್ಲ, ಒಳಗೆ ಬನ್ನಿ, ಸುಮ್ಮನೆ ಕೂತು ನೋಡಿ ಎಂದು ದುಂಬಾಲು ಬೀಳುತ್ತಾನೆ. ಅಲ್ಲಿನ ಸೋಫಾಗಳ ಬಗ್ಗೆ ಯಾರಿಗಾದರೂ ಸಲಹೆ ಬೇಕಿದ್ದರೆ ಸಭೆ ಮುಗಿದ ಮೇಲೆ ನನ್ನನ್ನು ಕಾಣಬಹುದು.

ಇನ್ನು ರೈಲ್ವೆ ನಿಲ್ದಾಣ. ಖಜಾಂಚಿಯವರೇ, ಕೇಳಿಸಿಕೊಳ್ಳಿ. ಅಲ್ಲಿಗೆ ಹೋದ ದಿನ ಆಕೆ ತನ್ನ ತಂಗಿಯ ವಿಷಯ ಹೇಳುತ್ತಿದ್ದಳು. ಚಿಕ್ಕಂದಿನಲ್ಲೇ ತೀರಿಕೊಂಡ ತಂಗಿ. ಆ ತಂಗಿಯ ಮಾತು ಆಕೆ ನನ್ನ ಮುಂದೆ ಎತ್ತಿದ್ದೇ ಅದು ಮೊದಲ ಸಲ. ಎಲ್ಲಿಂದ ಶುರುಮಾಡುವುದೆಂದು ತಡವರಿಸಿ, ಅಂತೂ ಆರಂಭಿಸಿದಳು. ಅಷ್ಟರಲ್ಲಿ ಯಂತ್ರ ಕೂಗಿತು. ಹಿಂದೆ ಇದ್ದ ಗಾಡಿಯವನು ಹಾರನ್ ಹಾಕಿದ. "ಆಗೋಯ್ತಾ?" ಅಂದಳು. ಆ ಮಾತು ಹೇಳಿದ ರೀತಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಎರಡು ನಕ್ಷತ್ರವೇ ಹೆಚ್ಚಾಯಿತು ಸಾರ್.

ಉಳಿದ ಮಾತನ್ನು ನೀರಿನ ಟ್ಯಾಂಕಿನ ಕೆಳಗೆ ಕೇಳಿದೆ. ಅಲ್ಲಿ ಯಾರಿಗೂ ಅವಸರವಿಲ್ಲ. ತಂಗಿಯ ಕಥೆ ಮುಗಿದ ಮೇಲೆ ಆಕೆ ಬಹಳ ಹೊತ್ತು ಹೊರಗೆ ನೋಡುತ್ತಾ ಕೂತಿದ್ದಳು. ನಾನೂ ಸುಮ್ಮನಿದ್ದೆ. ಈ ಸಲ ಅದು ಸೊನ್ನೆಯ ಮೌನ ಅಲ್ಲ ಎಂದುಕೊಳ್ಳುತ್ತೇನೆ. ಆಮೇಲೆ ಆಕೆ ಹೇಳಿದಳು:

"ರೀ, ನಮಗೊಂದು ಬೇರೆ ಮನೆ ಬೇಕು. ಜಗಳ ಇಲ್ಲ, ಬೇಜಾರಿಲ್ಲ. ಒಂದು ಬಾಗಿಲು ಬೇಕು ಅಷ್ಟೇ. ನಾವು ಒಳಗಿಂದ ಹಾಕ್ಕೊಳ್ಳೋ ಅಂಥದ್ದು."

ನನ್ನ ಹೆಂಡತಿ ಈಗ ಕನ್ನಡಕ ತೆಗೆದು ಹೀಗೆ ಆಡಿಸುತ್ತಿದ್ದಾಳೆ. ನಮ್ಮ ಮನೆಯ ಸನ್ನೆಯಲ್ಲಿ ಅದಕ್ಕೆ 'ಸಾಕು ನಿಲ್ಲಿಸಿ' ಎಂದು ಅರ್ಥ. ಇಲ್ಲ, ಇವತ್ತು ನಿಲ್ಲಿಸಲಾರೆ. ಇಳಿಯಲು ಶುರುವಾದ ಲಿಫ್ಟನ್ನು ನಡುವೆ ನಿಲ್ಲಿಸಿದರೆ ಒಳಗಿದ್ದವರ ಗತಿ ಏನು?

ಬಾಡಿಗೆಗೆ ಮನೆಯೂ ಸಿಕ್ಕಿದೆ. ಟ್ಯಾಂಕಿನ ಹಿಂದಿನ ಓಣಿಯಲ್ಲಿ, ಎರಡೇ ಕೋಣೆ, ನಮ್ಮ ಈಗಿನ ಮನೆಯಿಂದ ನಡೆದು ಹೋಗುವಷ್ಟೇ ದೂರ. ಮೊಮ್ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸುವುದು, ಇಳಿಸಿಕೊಳ್ಳುವುದು ಎಲ್ಲ ಈಗಿನ ಹಾಗೇ ಮಾಡಬಹುದು. ಮನೆಯ ಯಜಮಾನಿ ನಾಳೆಯೊಳಗೆ ಹೂಂ ಅಥವಾ ಊಹೂಂ ಹೇಳಿ ಎಂದಿದ್ದಾರೆ. ನಾವು ಹೇಳಿಲ್ಲ. ಯಾಕೆಂದರೆ ಮಗನಿಗೆ ಹೇಳಿಲ್ಲ. ಹೇಗೆ ಹೇಳುವುದು? ಹಿರಿಯರು ಮನೆ ಬಿಟ್ಟು ಹೊರಟರೆ ಜನ ಏನೆಂದುಕೊಳ್ಳುತ್ತಾರೆ? ಸೊಸೆ ಹೊರಗೆ ಹಾಕಿದಳು ಎನ್ನುತ್ತಾರೆ. ರಾತ್ರಿಯೆಲ್ಲ ರೋಗಿಗಳ ಸೇವೆ ಮಾಡಿ, ಬೆಳಿಗ್ಗೆ ಬಂದು ಮೊದಲು ನನ್ನ ರಕ್ತದೊತ್ತಡ ನೋಡಿ ಆಮೇಲೆ ಮಲಗುವ ಹುಡುಗಿಗೆ ಆ ಮಾತು ಬರಬಾರದು. ಮಗನಂತೂ ತನ್ನದೇ ಏನೋ ತಪ್ಪಾಗಿದೆ ಎಂದು ಮತ್ತೆ ಮಂಡಿಯೂರುತ್ತಾನೆ. ಈ ಹೆದರಿಕೆಯಲ್ಲಿ ನಾವಿಬ್ಬರೂ ಎಷ್ಟೋ ಸಲ ಗಾಡಿಯಲ್ಲಿ ಕೂತು, ಹೇಳಬೇಕಾದ್ದನ್ನು ಮಾತು ಮಾತಾಗಿ ಜೋಡಿಸಿ, ಮನೆಗೆ ಹೋಗಿ ಪಾತ್ರೆಯ ಕೆಳಗೆ ಬಟ್ಟೆ ಹಾಸಿ ಸುಮ್ಮನಾಗಿದ್ದೇವೆ. ನಾನು ಅಳುಕಿನವನಲ್ಲ ಎಂದು ತಿಳಿದಿದ್ದೆ, ಈ ವಿಷಯದಲ್ಲಿ ಅಳುಕಿನವನೇ.

ಇಷ್ಟರಲ್ಲಿ ಇನ್ನೊಂದು ಕುತೂಹಲ ಶುರುವಾಯಿತು. ಬರಬರುತ್ತಾ ನಾನು ಗಾಡಿ ಹತ್ತಿದಾಗಲೆಲ್ಲ ಚಾಲಕನ ಸೀಟು ಹಿಂದಕ್ಕೆ ಹೋಗಿರುತ್ತಿತ್ತು. ನಾನು ಕುಳ್ಳ, ನನ್ನ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಪಕ್ಕದ ಸೀಟು ಪೂರ್ತಿ ಒರಗಿಕೊಂಡಿರುತ್ತಿತ್ತು. ಇದು ಯಾರ ಕೆಲಸ? ಗಾಡಿ ಕೆಟ್ಟಿದೆಯೇ, ಸೀಟಿನ ಹಿಡಿ ಸಡಿಲವೇ ಎಂದು ಒಂದು ದಿನವೆಲ್ಲ ಬಗ್ಗಿ ನೋಡಿದೆ. ಏನೂ ಕೆಟ್ಟಿರಲಿಲ್ಲ. ಕಳೆದ ವಾರ ಟ್ಯಾಂಕಿನ ಅಂಗಳದಲ್ಲಿ ಕೇಬಲ್ ಸಿಕ್ಕಿಸುತ್ತಿದ್ದಾಗ ಕಾವಲುಗಾರ ಹತ್ತಿರ ಬಂದ. ಅವನಿಗೂ ಒಂದು ಕುತೂಹಲ ಇತ್ತು.

"ಯಜಮಾನ್ರೇ, ಇದೇ ಗಾಡೀಲಿ ಇನ್ನೊಂದು ಜೋಡಿ ಬರ್ತದಲ್ಲ, ಎತ್ತರದ ಹುಡುಗ, ನರ್ಸಮ್ಮ. ಅವರೂ ಕೆಳಗಿಳಿಯಲ್ಲ. ನಿಮ್ಮ ಮನೇಲಿ ಚಾರ್ಜರ್ ಇಲ್ವಾ?"

ಸಭಿಕರೇ, ನಾನು ಆ ಕೇಬಲ್ ಹಿಡಿದುಕೊಂಡೇ ನಿಂತುಬಿಟ್ಟೆ. ಮನೆಯಲ್ಲಿ ಪಿಸುಗುಟ್ಟುವವರು ನಾವಿಬ್ಬರೇ ಎಂದುಕೊಂಡಿದ್ದೆನಲ್ಲ. ನಮ್ಮ ಕೋಣೆಯ ಗೋಡೆಯ ಆಚೆ ಮಲಗುವವರಿಗೆ ನಮ್ಮ ಕೆಮ್ಮೂ ಕೇಳುತ್ತದೆ, ನಮಗೆ ಅವರದೂ ಕೇಳುತ್ತದೆ. ಒಬ್ಬಳು ರಾತ್ರಿ ಹೋಗಿ ಬೆಳಿಗ್ಗೆ ಬರುತ್ತಾಳೆ, ಒಬ್ಬ ಬೆಳಿಗ್ಗೆ ಹೋಗಿ ರಾತ್ರಿ ಬರುತ್ತಾನೆ. ಅವರಿಗೆ ಮಾತಾಡಲು ಎಲ್ಲಿ ಜಾಗ ಇತ್ತು? ಅವರು ಅಲ್ಲಿ ಕೂತು ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ, ಕಾವಲುಗಾರನನ್ನು ಕೇಳಲೂ ಇಲ್ಲ. ಅದೊಂದು ಕುತೂಹಲವನ್ನು ಹತ್ತಿಕ್ಕಿಕೊಂಡಿದ್ದೇನೆ, ಅದು ಅವರದು. ಆದರೆ ಓಲ್ಟೇಜು ಸರಿಯಿಲ್ಲ ಎಂದು ನಾನು ಹೇಳಿದಾಗ ಕೊನೆಕೊನೆಗೆ ಅವನು ಯಾಕೆ ವಾದ ಮಾಡದೆ, "ಸರಿ ಅಪ್ಪಾ, ಹೊರಗೇ ಹಾಕ್ಸಿ," ಅನ್ನುತ್ತಿದ್ದ ಎಂಬುದು ಆಗ ತಿಳಿಯಿತು.

ಈಗ ಇಡೀ ಸಭೆ ಗೋಡೆಯ ಕಡೆ ತಿರುಗಿದೆ. ಅವನನ್ನು ಹಾಗೆ ನೋಡಬೇಡಿ, ಅವನು ಚಿಕ್ಕಂದಿನಿಂದಲೂ ಸಂಕೋಚದವನು. ನಿಮಗೆ ಒಂದು ಮಾತು ಹೇಳುತ್ತೇನೆ. ಈ ಮೈಕಿನ ಗುಂಡಿ ಅವನ ಬೆರಳ ಕೆಳಗಿದೆ. ಅಪ್ಪ ಊರಿನ ಮುಂದೆ ಮನೆಯ ಗುಟ್ಟು ಬಿಚ್ಚುತ್ತಿದ್ದಾನೆ ಎಂದು ಯಾವಾಗ ಬೇಕಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಿಲ್ಲ. ಸ್ವಲ್ಪ ಹೊತ್ತಿನಿಂದ ನನ್ನ ಧ್ವನಿ ನನಗೇ ದೊಡ್ಡದಾಗಿ ಕೇಳುತ್ತಿದೆ. ಅವನೇ ಏರಿಸಿದನೋ, ನೀವೆಲ್ಲ ಅಷ್ಟು ನಿಶ್ಶಬ್ದವಾಗಿದ್ದೀರೋ, ನನಗೆ ತಿಳಿಯದು.

ಮಗೂ, ನಿನ್ನ ತಂತಿಯಲ್ಲಿ ಯಾವ ತಪ್ಪೂ ಇರಲಿಲ್ಲ. ಸೊಸೆಯಮ್ಮಾ, ನೀನು ಬಾಗಿಲ ಹತ್ತಿರ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದೀಯ, ನಾವು ಹೋಗುವುದು ನಿನ್ನಿಂದಾಗಿ ಅಲ್ಲ ಎಂದು ಇಷ್ಟು ಜನರ ಎದುರಿಗೆ ಹೇಳಿದ್ದೇನೆ, ಇನ್ನು ಯಾರೂ ಬೇರೆ ಮಾತಾಡುವ ಹಾಗಿಲ್ಲ. ಇಬ್ಬರೂ ಇಲ್ಲಿ ಉತ್ತರ ಕೊಡಬೇಕಾಗಿಲ್ಲ. ಸಂಜೆ ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾಲ್ವರೂ ಟ್ಯಾಂಕಿನ ಅಂಗಳಕ್ಕೆ ಹೋಗೋಣ. ನೀವು ಮುಂದೆ ಕೂತುಕೊಳ್ಳಿ, ನಾವು ಹಿಂದೆ ಕೂತುಕೊಳ್ಳುತ್ತೇವೆ. ಮೊದಲು ನೀವು ಹೇಳಿ, ಆಮೇಲೆ ನಾವು. ಬೇಡ ಎಂದರೆ ಬೇಡ ಎನ್ನಿ, ಆದರೆ ಗಟ್ಟಿಯಾಗಿ ಎನ್ನಿ. ನಾನು ಬೆಳಿಗ್ಗೆಯಿಂದ ಊರೆಲ್ಲ ಸುತ್ತಿ ಬ್ಯಾಟರಿಯನ್ನು ತಳ ಕಾಣುವವರೆಗೆ ಇಳಿಸಿ ಇಟ್ಟಿದ್ದೇನೆ. ಮಾತು ಮುಗಿಯುವ ಮೊದಲು ಅದು ತುಂಬುವ ಭಯವಿಲ್ಲ.

ನನ್ನ ಹೆಂಡತಿ ಕನ್ನಡಕ ಹಾಕಿಕೊಂಡಿದ್ದಾಳೆ. ಇನ್ನು ನಾನು ಮುಗಿಸಬಹುದು. ಕೈಪಿಡಿ ಅಚ್ಚು ಹಾಕಿಸಿದ ಸಂಘಕ್ಕೆ, ಒಂಬತ್ತು ಜಾಗಗಳಲ್ಲಿ ನಮ್ಮನ್ನು ಸಹಿಸಿಕೊಂಡ ಎಲ್ಲರಿಗೆ, ತಾಳ್ಮೆಯಿಂದ ಕೇಳಿದ ನಿಮಗೆ ನನ್ನ ವಂದನೆಗಳು. ಖಜಾಂಚಿಯವರೇ, ನಿಮಗೆ ವಿಶೇಷ ವಂದನೆ. ನಿಮ್ಮಲ್ಲಿ ಯಾರಿಗಾದರೂ ಇವತ್ತು ಸಂಜೆ ನೀರಿನ ಟ್ಯಾಂಕಿನ ಕಡೆ ಹೋಗುವ ಯೋಚನೆ ಇದ್ದರೆ, ದಯವಿಟ್ಟು ರೈಲ್ವೆ ನಿಲ್ದಾಣಕ್ಕೆ ಹೋಗಿ, ಬೇಗ ಆಗುತ್ತದೆ. ಟ್ಯಾಂಕಿನ ಕೆಳಗೆ ಇರುವುದು ಒಂದೇ ಪೆಟ್ಟಿಗೆ, ಇವತ್ತು ಅದು ನಮಗೆ ಬೇಕು. ನಮಸ್ಕಾರ.